ಗುಪ್ತಚರ ಸಂಸ್ಥೆಗಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದ ಗುಪ್ತಚರ ವ್ಯವಸ್ಥೆಯ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವು ಪತ್ರಗಳಲ್ಲಿ ಬಂದವು, ಕೆಲವು ಉಪನ್ಯಾಸ ಮುಗಿದ ಮೇಲೆ ಹತ್ತಿರ ಬಂದು ಕೇಳಿದವು. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸರಳವಾದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದವು

ರಾ, ಐಬಿ, ಸಿಬಿಐ, ಎನ್‌ಐಎ ಇವೆಲ್ಲ ಒಂದೇನಾ? ಯಾರು ಯಾವ ಕೆಲಸ ಮಾಡ್ತಾರೆ?

ಒಂದೇ ಅಲ್ಲ. ಐಬಿ ಅಂದರೆ ಇಂಟೆಲಿಜೆನ್ಸ್ ಬ್ಯೂರೋ ದೇಶದ ಒಳಗಿನ ಅಪಾಯಗಳ ಸುದ್ದಿ ಸಂಗ್ರಹಿಸುತ್ತದೆ. ಅದು ಗೃಹ ಸಚಿವಾಲಯದ ಕೆಳಗಿದೆ. ರಾ ಅಂದರೆ ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್ ಹೊರದೇಶಗಳ ಮೇಲೆ ಕಣ್ಣಿಡುತ್ತದೆ. ಅದು ಸಂಪುಟ ಸಚಿವಾಲಯದ ಭಾಗ. ಈ ಎರಡಕ್ಕೂ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಸಿಬಿಐ ಮತ್ತು ಎನ್‌ಐಎ ತನಿಖಾ ಸಂಸ್ಥೆಗಳು. ಅಪರಾಧ ನಡೆದ ಮೇಲೆ ಸಾಕ್ಷ್ಯ ಕಲೆಹಾಕಿ, ಬಂಧಿಸಿ, ಕೋರ್ಟಿಗೆ ಆರೋಪಪಟ್ಟಿ ಸಲ್ಲಿಸುವುದು ಅವುಗಳ ಕೆಲಸ.

ಸೇನೆಯ ಮೂರೂ ಪಡೆಗಳಿಗೆ ಅವುಗಳದೇ ಗುಪ್ತಚರ ವಿಭಾಗಗಳಿವೆ. ಅವುಗಳನ್ನು ಹೊಂದಿಸಲು 2002ರಲ್ಲಿ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ ಹುಟ್ಟಿತು. ಉಪಗ್ರಹ, ಸಂಕೇತ, ಸೈಬರ್ ಮುಂತಾದ ತಾಂತ್ರಿಕ ಕೆಲಸಕ್ಕೆ ಎನ್‌ಟಿಆರ್‌ಒ ಇದೆ. ಇನ್ನು ರಾಜ್ಯ ಮಟ್ಟದಲ್ಲಿ ಪೊಲೀಸ್ ಇಲಾಖೆಯ ಗುಪ್ತವಾರ್ತೆ ವಿಭಾಗ. ಊರಿನ ಜಾತ್ರೆಯಲ್ಲೋ ಪ್ರತಿಭಟನೆಯಲ್ಲೋ ಮಫ್ತಿಯಲ್ಲಿ ನಿಂತು ಗಮನಿಸುವ ಪೇದೆಯೂ ಈ ವ್ಯವಸ್ಥೆಯ ಭಾಗವೇ. ಬಹಳಷ್ಟು ಸಲ ಮೊದಲ ಸುಳಿವು ಸಿಗುವುದು ಅವನಿಗೇ.

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು ಯಾವಾಗ?

ಈಗಿನ ಐಬಿಯ ಬೇರು 1887ರ ಡಿಸೆಂಬರಿನಲ್ಲಿ ಬ್ರಿಟಿಷರು ಕಟ್ಟಿದ ಸೆಂಟ್ರಲ್ ಸ್ಪೆಷಲ್ ಬ್ರಾಂಚ್‌ನಲ್ಲಿದೆ. ಅವರ ಕಣ್ಣು ಇದ್ದದ್ದು ನಮ್ಮವರ ಮೇಲೆ. ಸ್ವಾತಂತ್ರ್ಯ ಹೋರಾಟಗಾರರ ಪತ್ರ ಒಡೆದು ಓದುವುದು, ಸಭೆಗಳಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುವುದು ಅದರ ನಿತ್ಯದ ಕಸುಬಾಗಿತ್ತು. 1947ರಲ್ಲಿ ಟಿ.ಜಿ. ಸಂಜೀವಿ ಪಿಳ್ಳೈ ಮೊದಲ ಭಾರತೀಯ ನಿರ್ದೇಶಕರಾದರು. ಅವರ ನಂತರ ಬಂದ ಬಿ.ಎನ್. ಮಲ್ಲಿಕ್ 1964ರವರೆಗೆ ಇದ್ದರು.

1962ರಲ್ಲಿ ಚೀನಾ ಯುದ್ಧ, 1965ರಲ್ಲಿ ಪಾಕಿಸ್ತಾನ ಯುದ್ಧ. ಎರಡರಲ್ಲೂ ಎದುರಾಳಿಯ ಬಲ, ಉದ್ದೇಶ ಎರಡನ್ನೂ ಅಳೆಯುವಲ್ಲಿ ನಾವು ಎಡವಿದೆವು. ಒಳಗಿನ ಕೆಲಸ, ಹೊರಗಿನ ಕೆಲಸ ಎರಡನ್ನೂ ಒಂದೇ ಸಂಸ್ಥೆ ಹೊರಲಾರದು ಎಂಬುದು ಇಂದಿರಾ ಗಾಂಧಿಯವರಿಗೆ ಖಚಿತವಾಯಿತು. 1968ರ ಸೆಪ್ಟೆಂಬರ್ 21ರಂದು ಐಬಿಯನ್ನು ಒಡೆದು ರಾ ಸ್ಥಾಪಿಸಿದರು. ಐಬಿಯಿಂದ ಬಂದ ಸುಮಾರು 250 ಜನ, ಅವರ ಮುಖ್ಯಸ್ಥ ರಾಮೇಶ್ವರನಾಥ ಕಾವ್. ಆರಂಭ ಅಷ್ಟು ಚಿಕ್ಕದಾಗಿತ್ತು.

ಚಾಣಕ್ಯನ ಕಾಲದಲ್ಲೇ ಇದೆಲ್ಲ ಇತ್ತು ಅಂತಾರೆ. ನಿಜವಾ, ಸುಮ್ನೆ ಹೇಳೋದಾ?

ನಿಜ. ಅದನ್ನು ಜಗತ್ತಿಗೆ ಕಾಣಿಸಿದ್ದೂ ನಮ್ಮ ಮೈಸೂರು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು. ಗ್ರಂಥ ಲಿಪಿಯಲ್ಲಿದ್ದ ಅದನ್ನು ಓದಿ, ಶೋಧಿಸಿ, 1909ರಲ್ಲಿ ಮುದ್ರಿಸಿದರು. ಅದರ ರಚನೆಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಒಳಗಿನ ವಿಷಯ ಮಾತ್ರ ಬೆರಗುಗೊಳಿಸುತ್ತದೆ.

ಗೂಢಪುರುಷರಲ್ಲಿ ಎರಡು ಬಗೆ. ಒಂದೆಡೆ ನೆಲೆ ನಿಂತವರು: ವಿದ್ಯಾರ್ಥಿ, ಸನ್ಯಾಸಿ, ಒಕ್ಕಲಿಗ, ವ್ಯಾಪಾರಿ, ತಪಸ್ವಿ ವೇಷದವರು. ಊರಿಂದೂರಿಗೆ ಸಂಚರಿಸುವವರು ಇನ್ನೊಂದು ಬಗೆ. ಅವರಲ್ಲಿ ಸಾಹಸಿಗಳು, ವಿಷ ಹಾಕುವವರು, ಭಿಕ್ಷುಕಿಯರು ಇದ್ದರು. ಒಬ್ಬ ಗೂಢಚಾರನಿಗೆ ಇನ್ನೊಬ್ಬನ ಗುರುತು ಸಿಗಬಾರದು. ಮೂವರು ಬೇರೆಬೇರೆಯಾಗಿ ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬಬೇಕು. ಇವತ್ತಿನ ಗುಪ್ತಚರ ಕೆಲಸಕ್ಕೂ ಈ ಎರಡು ನಿಯಮಗಳು ಹೊಂದುತ್ತವೆ.

ಇವರ ಕೆಲಸ ಸಿನಿಮಾದಲ್ಲಿ ತೋರಿಸೋ ಹಾಗೇನಾ?

ಬಹುಪಾಲು ಕೆಲಸ ಓದುವುದು ಮತ್ತು ಬರೆಯುವುದು. ಗುಪ್ತಚರ ಅಧಿಕಾರಿ ಒಬ್ಬ, ಅವನಿಗೆ ಗುಟ್ಟು ತಂದುಕೊಡುವವನು ಇನ್ನೊಬ್ಬ. ಅಧಿಕಾರಿ ಹೆಚ್ಚಾಗಿ ರಾಯಭಾರ ಕಚೇರಿಯಲ್ಲಿ ಬೇರೆ ಹುದ್ದೆಯ ಹೆಸರಿನಲ್ಲಿ ಇರುತ್ತಾನೆ. ಸಿಕ್ಕಿಬಿದ್ದರೆ ಆ ದೇಶ ಅವನನ್ನು ಗಡೀಪಾರು ಮಾಡುತ್ತದೆ. ಗುಟ್ಟು ಕೊಡುವವನು ಆ ದೇಶದ ಪ್ರಜೆ. ಸಿಕ್ಕಿಬಿದ್ದರೆ ಅವನಿಗೆ ಜೈಲು ಅಥವಾ ನೇಣು. ಈ ವ್ಯತ್ಯಾಸವನ್ನು ಮರೆತರೆ ಈ ಲೋಕದ ನೈತಿಕ ಭಾರ ಅರ್ಥವಾಗುವುದಿಲ್ಲ. ಒಳ್ಳೆಯ ಅಧಿಕಾರಿಯ ವೃತ್ತಿಜೀವನದ ದೊಡ್ಡ ಪಾಲು ತನ್ನನ್ನು ನಂಬಿದವರ ಜೀವ ಕಾಯುವುದರಲ್ಲೇ ಕಳೆಯುತ್ತದೆ.

ನನ್ನ ಮಗನಿಗೆ ಸೇರೋ ಆಸೆ. ದಾರಿ ಯಾವುದು?

ಐಬಿಗೆ ಗೃಹ ಸಚಿವಾಲಯ ಬಹಿರಂಗವಾಗಿಯೇ ಪರೀಕ್ಷೆ ನಡೆಸುತ್ತದೆ. ಪದವೀಧರರಿಗೆ ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್ ಹುದ್ದೆ, ಹತ್ತನೇ ತರಗತಿ ಮುಗಿಸಿದವರಿಗೆ ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆ. ಎರಡನೆಯದಕ್ಕೆ ಸ್ಥಳೀಯ ಭಾಷೆ ಬರಲೇಬೇಕು, ಹಾಗಾಗಿ ಕನ್ನಡ ಚೆನ್ನಾಗಿ ಬಲ್ಲವರಿಗೆ ಅಲ್ಲಿ ಜಾಗವಿದೆ. ರಾ ತನ್ನ ಹೆಸರಿನಲ್ಲಿ ಇಂಥ ಜಾಹೀರಾತು ಕೊಡುವುದಿಲ್ಲ. ಐಪಿಎಸ್ ಮುಂತಾದ ಸೇವೆಗಳಲ್ಲಿ ಈಗಾಗಲೇ ಇರುವವರಲ್ಲಿ ಹಲವರನ್ನು ಆಯ್ದು ಕರೆಸಿಕೊಳ್ಳುತ್ತದೆ. ವಿದೇಶಿ ಭಾಷೆ ಕಲಿಯುವುದು ಯಾವ ದಾರಿಗಾದರೂ ಒದಗುತ್ತದೆ.

## ಕೆಲಸ ನಡೆಯುವ ಬಗೆ

ಮಾಹಿತಿ ಬರೋದು ಎಲ್ಲಿಂದ? ಎಲ್ಲಾ ಗೂಢಚಾರರೇ ತರ್ತಾರಾ?

ಮನುಷ್ಯರು ತರುವುದು ಒಂದು ಪಾಲು. ಫೋನ್, ರೇಡಿಯೊ, ಇಂಟರ್‌ನೆಟ್ ಕದ್ದಾಲಿಕೆಯಿಂದ ಬರುವುದು ಇನ್ನೊಂದು. ವಿಮಾನ, ಡ್ರೋನ್, ಉಪಗ್ರಹದ ಚಿತ್ರಗಳು ಮತ್ತೊಂದು. ಇವೆಲ್ಲಕ್ಕಿಂತ ದೊಡ್ಡ ರಾಶಿ ಪತ್ರಿಕೆ, ಭಾಷಣ, ಟೆಂಡರ್ ಪ್ರಕಟಣೆ, ಸಾಮಾಜಿಕ ಜಾಲತಾಣ ಮುಂತಾದ ಬಹಿರಂಗ ಮೂಲಗಳದ್ದು.

ಒಂದೊಂದಕ್ಕೂ ಒಂದೊಂದು ಮಿತಿ. ಉಪಗ್ರಹ ಟ್ಯಾಂಕುಗಳ ಸಾಲನ್ನು ತೋರಿಸೀತು, ಸೇನಾಪತಿಯ ಮನಸ್ಸನ್ನು ತೋರಿಸದು. ಸಾಮಾನ್ಯ ಕ್ಯಾಮೆರಾಕ್ಕೆ ಮೋಡವೂ ಅಡ್ಡಿ, ರಾತ್ರಿಯೂ ಅಡ್ಡಿ. ಮುಂಬೈ ದಾಳಿಯ ಬಳಿಕ, 2009ರ ಏಪ್ರಿಲ್ 20ರಂದು, ಇಸ್ರೊ ಹಾರಿಸಿದ ರಿಸ್ಯಾಟ್-2 ಉಪಗ್ರಹದಲ್ಲಿ ಇಸ್ರೇಲಿನ ರಾಡಾರ್ ಇದ್ದದ್ದು ಆ ಎರಡೂ ಅಡ್ಡಿಗಳನ್ನು ದಾಟಲೆಂದೇ. ಕದ್ದಾಲಿಸಿದ ಮಾತಿನಲ್ಲಿ ಉದ್ದೇಶ ಸಿಗಬಹುದು, ಆದರೆ ಎದುರಾಳಿ ಬೇಕೆಂದೇ ಸುಳ್ಳು ಮಾತಾಡಿರಲೂಬಹುದು. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ತೀರಕ್ಕೆ ಇಳಿಯುವ ಮೊದಲು ಜರ್ಮನಿಯನ್ನು ನಂಬಿಸಿದ್ದು ಹೀಗೆಯೇ. ಇಲ್ಲದ ಸೈನ್ಯವೊಂದರ ನಕಲಿ ರೇಡಿಯೊ ಸಂದೇಶಗಳನ್ನು ಗಾಳಿಗೆ ಬಿಟ್ಟರು. ಅದೇ ಸುಳ್ಳನ್ನು ಜರ್ಮನಿ ತನ್ನವನೆಂದು ನಂಬಿದ್ದ ಇಮ್ಮಡಿ ಗೂಢಚಾರ ಹ್ವಾನ್ ಪುಜೋಲ್ ಬಾಯಲ್ಲೂ ಹೇಳಿಸಿದರು. ಎರಡು ಕಡೆಯಿಂದ ಒಂದೇ ಸುದ್ದಿ ಬಂದಾಗ ಬರ್ಲಿನ್ ನಂಬಿತು.

ಸ್ವಂತ ದೇಶದ ಗುಟ್ಟನ್ನ ಯಾಕಾದ್ರೂ ಮಾರ್ತಾರೆ ಜನ?

ಹಣ, ಸಿದ್ಧಾಂತ, ಬೆದರಿಕೆ, ಅಹಂ. ಸಾಮಾನ್ಯವಾಗಿ ಇವುಗಳಲ್ಲಿ ಎರಡೋ ಮೂರೋ ಬೆರೆತಿರುತ್ತವೆ. ಅಮೆರಿಕದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಿಂದ ಹಣಕ್ಕಾಗಿ ಸೋವಿಯತ್ ಒಕ್ಕೂಟಕ್ಕೆ ಹೆಸರುಗಳನ್ನು ಕೊಟ್ಟ. ಅವನು ತೋರಿಸಿಕೊಟ್ಟವರಲ್ಲಿ ಹಲವರು ಮರಣದಂಡನೆಗೆ ಗುರಿಯಾದರು. 1994ರಲ್ಲಷ್ಟೇ ಅವನು ಸಿಕ್ಕಿಬಿದ್ದ. ಬ್ರಿಟನ್ನಿನ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿ ದಾರಿ ತಪ್ಪಿದ್ದು ಸಿದ್ಧಾಂತದ ಸೆಳೆತಕ್ಕೆ. 1963ರಲ್ಲಿ ಮಾಸ್ಕೋಗೆ ಓಡಿಹೋದ. ನಮ್ಮಲ್ಲೂ ರಾ ಸಂಸ್ಥೆಯ ಹಿರಿಯ ಅಧಿಕಾರಿ ರಬಿಂದರ್ ಸಿಂಗ್ 2004ರಲ್ಲಿ ನೇಪಾಳದ ಮೂಲಕ ಅಮೆರಿಕಕ್ಕೆ ಪರಾರಿಯಾದ.

ಈಗ ಬಲೆ ಬೀಸುವುದು ಫೋನಿನಲ್ಲೇ. ಹೆಣ್ಣಿನ ಹೆಸರಿನ ನಕಲಿ ಖಾತೆ, ಸ್ನೇಹ, ಆಮೇಲೆ ಒಂದು ಫೋಟೊಗೆ ಇಷ್ಟು ಅಂತ ದುಡ್ಡು. ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆ ಆರೋಪದಲ್ಲಿ 2025ರ ಫೆಬ್ರುವರಿಯಲ್ಲಿ ಎನ್‌ಐಎ ಉತ್ತರ ಕನ್ನಡದವರನ್ನು ಬಂಧಿಸಿದ ಸುದ್ದಿ ನೀವೂ ಓದಿರಬಹುದು. ಆರೋಪ ಸಾಬೀತಾಗಬೇಕಿರುವುದು ಕೋರ್ಟಿನಲ್ಲಿ. ಆದರೆ ಬಂದರು, ಕಾರ್ಖಾನೆ, ಸೇನಾ ಶಿಬಿರಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಮಕ್ಕಳಿಗೆ ಮನೆಯವರು ಈ ಮಾತನ್ನು ಒಮ್ಮೆ ಹೇಳಿಡಬೇಕು: ನಿಮಗೆ ಏನೂ ಅಲ್ಲವೆನ್ನಿಸುವ ಫೋಟೊ ಬೇರೊಬ್ಬರಿಗೆ ಬೆಲೆಯುಳ್ಳದ್ದು.

ಟಿಪ್ಪು ವಂಶದ ಹುಡುಗಿ ಬ್ರಿಟಿಷರಿಗೆ ಬೇಹುಗಾರ್ತಿ ಆಗಿದ್ಲಂತೆ, ಹೌದಾ?

ಹೌದು, ನೂರ್ ಇನಾಯತ್ ಖಾನ್. ತಂದೆ ಹಜರತ್ ಇನಾಯತ್ ಖಾನ್ ಸಂಗೀತಗಾರ, ಸೂಫಿ ಗುರು. ಅವರ ಕಡೆಯಿಂದ ನೂರ್ ಟಿಪ್ಪು ಸುಲ್ತಾನನ ವಂಶದವರು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ಅವರು ಮಕ್ಕಳ ಕತೆ ಬರೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಸ್‌ಒಇ ಎಂಬ ರಹಸ್ಯ ಸಂಸ್ಥೆ ಅವರನ್ನು 1943ರ ಜೂನ್‌ನಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಕಳಿಸಿತು. ರಹಸ್ಯ ಹೆಸರು ಮದಲೀನ್, ಕೆಲಸ ವೈರ್‌ಲೆಸ್ ಸಂದೇಶ ಕಳಿಸುವುದು.

ಹೋದ ಕೆಲವೇ ದಿನಗಳಲ್ಲಿ ಅವರ ಜಾಲ ಒಡೆದುಹೋಯಿತು, ಜೊತೆಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದು ಲಂಡನ್ ಕರೆದರೂ ನೂರ್ ಒಪ್ಪಲಿಲ್ಲ. ತಾನು ಹೊರಟರೆ ಪ್ಯಾರಿಸ್ಸಿನ ಸಂಪರ್ಕವೇ ಕಡಿದುಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಭಾರವಾದ ವೈರ್‌ಲೆಸ್ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಬದಲಾಗುತ್ತ ಅಕ್ಟೋಬರ್‌ವರೆಗೆ ತಪ್ಪಿಸಿಕೊಂಡರು. ಕೊನೆಗೆ ಯಾರೋ ಹಿಡಿದುಕೊಟ್ಟರು. ಕಳಿಸಿದ ಸಂದೇಶಗಳ ಪ್ರತಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದು ಜರ್ಮನ್ನರ ಕೈಸೇರಿತು. ಅದನ್ನು ಬಳಸಿ ಅವರ ಹೆಸರಿನಲ್ಲೇ ಲಂಡನ್ನನ್ನು ವಂಚಿಸಿದರು. ಚಿತ್ರಹಿಂಸೆಗೆ ನೂರ್ ಬಾಯಿಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು. ಶ್ರೀರಂಗಪಟ್ಟಣಕ್ಕೆ ಹೋಗುವ ನಮ್ಮ ಶಾಲಾ ಮಕ್ಕಳಿಗೆ ಈ ಹೆಸರನ್ನೂ ಹೇಳಬೇಕೆಂಬುದು ನನ್ನ ಆಸೆ.

ಹಿಮಾಲಯದ ಮೇಲೆ ಅಣುಯಂತ್ರ ಇಟ್ಟು ಕಳ್ಕೊಂಡ್ರು ಅನ್ನೋದು ಕಟ್ಟುಕತೆನಾ?

ಕಟ್ಟುಕತೆಯಲ್ಲ. 1964ರ ಅಕ್ಟೋಬರ್ 16ರಂದು ಚೀನಾ ಲೋಪ್ ನೂರ್‌ನಲ್ಲಿ ಮೊದಲ ಅಣುಬಾಂಬ್ ಸಿಡಿಸಿತು. ಅದರ ಕ್ಷಿಪಣಿ ಪರೀಕ್ಷೆಗಳ ಸಂಕೇತ ಹಿಡಿಯಲು ಸಿಐಎ ಮತ್ತು ನಮ್ಮ ಐಬಿ ಸೇರಿ 1965ರಲ್ಲಿ ನಂದಾದೇವಿಯ ಮೇಲೆ ಉಪಕರಣ ನೆಡಲು ಹೊರಟವು. ಭಾರತದ ತಂಡಕ್ಕೆ ನಾಯಕ ಕ್ಯಾಪ್ಟನ್ ಎಂ.ಎಸ್. ಕೊಹ್ಲಿ. ಉಪಕರಣಕ್ಕೆ ವಿದ್ಯುತ್ ಕೊಡುವ ಜನರೇಟರ್ ಪ್ಲುಟೋನಿಯಂನದು. ಹಿಮಗಾಳಿ ಎದ್ದು ತಂಡ ಅದನ್ನು ಬಂಡೆಗೆ ಕಟ್ಟಿಟ್ಟು ಇಳಿಯಿತು. ಮರುವರ್ಷ ಹೋಗಿ ನೋಡಿದರೆ ಹಿಮಕುಸಿತ ಕೊಚ್ಚಿಕೊಂಡು ಹೋಗಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡರು. ಕೆಳಗಿನ ಹಳ್ಳಿಗಳಿಗೆ ಹನ್ನೆರಡು ವರ್ಷ ಒಂದು ಮಾತೂ ಹೇಳಿರಲಿಲ್ಲ.

## ಗೆಲುವು, ಸೋಲು

1971ರಲ್ಲಿ ರಾ ಮಾಡಿದ್ದಾದ್ರೂ ಏನು?

ಹುಟ್ಟಿ ಮೂರೇ ವರ್ಷವಾಗಿದ್ದ ಸಂಸ್ಥೆ ಅದು. ಪೂರ್ವ ಪಾಕಿಸ್ತಾನದಲ್ಲಿ ಏನಾಗುತ್ತಿದೆ ಎಂಬುದರ ಮಾಹಿತಿ ದೆಹಲಿಗೆ ಒದಗಿಸಿತು, ಬಾಂಗ್ಲಾದೇಶದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಮುಕ್ತಿ ಬಾಹಿನಿಯ ತರಬೇತಿಯಲ್ಲಿ ಸೇನೆಯ ಜೊತೆ ಕೈಜೋಡಿಸಿತು. 1962ರಲ್ಲಿ ಟಿಬೆಟಿಯನ್ ಯುವಕರನ್ನು ಸೇರಿಸಿ ಕಟ್ಟಿದ್ದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್, ಮೇಜರ್ ಜನರಲ್ ಸುಜನ್ ಸಿಂಗ್ ಉಬಾನ್ ನೇತೃತ್ವದಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಕಾದಾಡಿತು. ಇದು ಅವರದಲ್ಲದ ಯುದ್ಧ. ಅಲ್ಲಿ ಮಡಿದ ಟಿಬೆಟಿಯನ್ನರ ಹೆಸರುಗಳನ್ನು ದಶಕಗಳವರೆಗೆ ಎಲ್ಲೂ ಬಹಿರಂಗವಾಗಿ ಹೇಳಲಿಲ್ಲ. ಬೈಲಕುಪ್ಪೆ, ಮುಂಡಗೋಡದಲ್ಲಿ ಟಿಬೆಟಿಯನ್ನರ ಜೊತೆ ಬಾಳುತ್ತಿರುವ ನಾವು ಆ ಋಣವನ್ನು ತಿಳಿದಿರಬೇಕು.

ಆಗಸ್ಟ್ 15ರ ರಾತ್ರಿ ನಮ್ಮ ನೌಕಾಪಡೆ ತರಬೇತಿ ಕೊಟ್ಟ ಬಂಗಾಳಿ ಈಜುಗಾರರು ಚಿತ್ತಗಾಂಗ್, ಮಂಗ್ಲಾ, ಚಾಂದಪುರ, ನಾರಾಯಣಗಂಜ್ ಬಂದರುಗಳಲ್ಲಿ ಹಡಗುಗಳಿಗೆ ಸ್ಫೋಟಕ ಅಂಟಿಸಿ ಮುಳುಗಿಸಿದರು. ಡಿಸೆಂಬರ್ 3ಕ್ಕೆ ಯುದ್ಧ ಅಧಿಕೃತವಾಗಿ ಶುರುವಾಗುವ ಹೊತ್ತಿಗೆ ಎದುರಾಳಿ ಆಗಲೇ ಬಳಲಿದ್ದ. ಇಲ್ಲಿ ಗೆಲುವಿನ ಕಾರಣ ನನ್ನ ಪ್ರಕಾರ ಇದು: ಪ್ರಧಾನಿ, ಸೇನೆ, ವಿದೇಶಾಂಗ, ಗುಪ್ತಚರ ಎಲ್ಲರಿಗೂ ಗುರಿ ಒಂದೇ ಆಗಿತ್ತು, ಮತ್ತು ಆ ನೆಲದ ಜನ ನಮ್ಮ ಜೊತೆಗಿದ್ದರು.

ಹಾಗಾದ್ರೆ ಅದೇ ಉಪಾಯ ಶ್ರೀಲಂಕಾದಲ್ಲಿ ಯಾಕೆ ತಿರುಗುಬಾಣ ಆಯ್ತು?

ಮೇಲೆ ಹೇಳಿದ ಯಾವುದೂ ಅಲ್ಲಿ ಇರಲಿಲ್ಲ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ನಂತರ ಭಾರತ ತಮಿಳು ಉಗ್ರ ಗುಂಪುಗಳಿಗೆ ಗುಟ್ಟಾಗಿ ತರಬೇತಿ, ಶಸ್ತ್ರ ಕೊಟ್ಟಿತು. ಒಂದಲ್ಲ, ಪರಸ್ಪರ ಕಾದಾಡುವ ಹಲವು ಗುಂಪುಗಳಿಗೆ. ಉದ್ದೇಶ ಪ್ರತ್ಯೇಕ ದೇಶ ಮಾಡಿಕೊಡುವುದಾಗಿರಲಿಲ್ಲ, ಕೊಲಂಬೊ ಸರ್ಕಾರವನ್ನು ಮಾತುಕತೆಗೆ ಬಗ್ಗಿಸುವುದಾಗಿತ್ತು. ಆ ಗುಂಪುಗಳಲ್ಲೊಂದಾದ ಎಲ್‌ಟಿಟಿಇಯ ನಾಯಕ ಪ್ರಭಾಕರನ್‌ಗೆ ಬೇಕಾಗಿದ್ದು ಪ್ರತ್ಯೇಕ ದೇಶವೇ. ಕೊಟ್ಟವನ ಗುರಿ ಒಂದು, ತೆಗೆದುಕೊಂಡವನ ಗುರಿ ಇನ್ನೊಂದು. ಇದು ಮೊದಲ ದಿನದಿಂದಲೇ ಗೊತ್ತಿದ್ದ ಸಂಗತಿ.

1987ರ ಜುಲೈನಲ್ಲಿ ಒಪ್ಪಂದವಾಯಿತು, ಭಾರತೀಯ ಶಾಂತಿಪಾಲನಾ ಪಡೆ ಹೋಯಿತು. ಕೆಲವೇ ತಿಂಗಳಲ್ಲಿ ನಾವೇ ಪಳಗಿಸಿದ್ದ ಎಲ್‌ಟಿಟಿಇ ವಿರುದ್ಧ ನಮ್ಮ ಸೈನಿಕರು ಹೋರಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ಪಡೆ ವಾಪಸಾಗುವಷ್ಟರಲ್ಲಿ 1,100ಕ್ಕೂ ಹೆಚ್ಚು ಯೋಧರು ಮಡಿದಿದ್ದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಂಚಿನ ಪ್ರಮುಖ ಶಿವರಾಸನ್ ಮತ್ತು ಸಂಗಡಿಗರು ತಪ್ಪಿಸಿಕೊಂಡು ಬಂದು ಅಡಗಿದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ. ಕಮಾಂಡೋಗಳು ಮನೆ ಸುತ್ತುವರಿದು, ಆಗಸ್ಟ್ 20ರ ಮುಂಜಾನೆ ಒಳನುಗ್ಗಿದಾಗ ಎಲ್ಲರೂ ಸತ್ತಿದ್ದರು. ಜೀವಂತ ಸಿಕ್ಕಿದ್ದರೆ ತಿಳಿಯುತ್ತಿದ್ದ ಸಂಗತಿಗಳು ಅವರ ಜೊತೆಗೇ ಹೋದವು.

ಬೇರೆ ದೇಶದ ಬಂಡಾಯಕ್ಕೆ ಶಸ್ತ್ರ ಕೊಡುವುದು ಸರಿಯೇ ಎಂದು ಕೇಳುವವರಿಗೆ ನಾನು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ. ಕೊಟ್ಟ ಬಂದೂಕನ್ನು ವಾಪಸ್ ಪಡೆಯುವ ದಾರಿ ಯಾವ ಗುಪ್ತಚರ ಸಂಸ್ಥೆಗೂ ಗೊತ್ತಿಲ್ಲ.

ಕಾರ್ಗಿಲ್‌ನಲ್ಲಿ ನಮ್ಮವರು ಮಲಗಿದ್ರಾ? ಕುರಿಗಾಹಿ ಬಂದು ಹೇಳೋವರೆಗೂ ಗೊತ್ತಾಗ್ಲಿಲ್ವಾ?

ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಇದರಲ್ಲಿರುವ ಸಿಟ್ಟು ನ್ಯಾಯವಾದದ್ದೇ, 527 ಜನ ಪ್ರಾಣ ಕೊಟ್ಟ ಯುದ್ಧ ಅದು. ಬಟಾಲಿಕ್ ಬಳಿಯ ಗರ್ಕೋನ್ ಹಳ್ಳಿಯ ತಾಶಿ ನಾಮಗ್ಯಾಲ್ ಕಳೆದುಹೋದ ಯಾಕ್ ಹುಡುಕಿಕೊಂಡು ಹೋಗಿ, 1999ರ ಮೇ 3ರಂದು, ಬೆಟ್ಟದ ಮೇಲೆ ಅಪರಿಚಿತರನ್ನು ಕಂಡು ಸೇನೆಗೆ ತಿಳಿಸಿದ್ದೂ ನಿಜ. ಆದರೆ ಒಂದೂ ಸುಳಿವಿರಲಿಲ್ಲ ಎಂಬುದು ನಿಜವಲ್ಲ.

ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ ಕಾಗದಪತ್ರಗಳನ್ನೆಲ್ಲ ತೆರೆಸಿ ನೋಡಿತು. ಗಡಿಯಾಚೆ ಕಾರ್ಗಿಲ್ ಎದುರಿನ ಚಟುವಟಿಕೆಯ ಬಗ್ಗೆ ಐಬಿ ನಿರ್ದೇಶಕರು 1998ರ ಜೂನ್‌ನಲ್ಲೇ ತಾವೇ ಸಹಿ ಹಾಕಿ ಪತ್ರ ಕಳಿಸಿದ್ದರು. ಪ್ರಧಾನಿಗೆ, ಗೃಹ ಸಚಿವರಿಗೆ, ಇನ್ನೂ ಕೆಲವರಿಗೆ ಹೋಯಿತು. ಹೋಗದಿದ್ದದ್ದು ರಾ ಮುಖ್ಯಸ್ಥರಿಗೆ ಮತ್ತು ಎಲ್ಲರ ಸುದ್ದಿಯನ್ನೂ ಒಟ್ಟಿಗೆ ತೂಗಬೇಕಾದ ಜಂಟಿ ಗುಪ್ತಚರ ಸಮಿತಿಗೆ. ಅದೇ ವರ್ಷ ರಾ ತನ್ನ ವರದಿಯೊಂದರಲ್ಲಿ ಪಾಕಿಸ್ತಾನದಿಂದ ಸೀಮಿತ, ದಿಢೀರ್ ದಾಳಿ ಆಗಬಹುದು ಎಂದಿತು. ಮುಂದಿನ ವರದಿಯಲ್ಲಿ ಆ ಸಾಲು ಇರಲೇ ಇಲ್ಲ, ಯಾಕೆ ಬಿಟ್ಟಿರಿ ಎಂದು ಯಾರೂ ಕೇಳಲಿಲ್ಲ. ಚಳಿಗಾಲದ ವೈಮಾನಿಕ ಗಸ್ತಿನಲ್ಲಿ ಏನೂ ಕಾಣಲಿಲ್ಲ.

ಇದೆಲ್ಲದರ ಮೇಲೆ ಒಂದು ನಂಬಿಕೆ ಕೂತಿತ್ತು. ಅಷ್ಟು ಎತ್ತರದಲ್ಲಿ, ಹಿಮದಲ್ಲಿ, ಅಣುಪರೀಕ್ಷೆಗಳಾದ ಮೇಲೆ, ಲಾಹೋರ್ ಬಸ್ ಯಾತ್ರೆಯಾದ ಮೇಲೆ ಯಾರೂ ಇಂಥ ಸಾಹಸಕ್ಕೆ ಇಳಿಯುವುದಿಲ್ಲ ಎಂಬ ನಂಬಿಕೆ. ಚೂರುಚೂರು ಸುಳಿವುಗಳೆಲ್ಲ ಅದರ ಮುಂದೆ ಸಣ್ಣದಾದವು. 1973ರ ಅಕ್ಟೋಬರ್‌ನಲ್ಲಿ ಇಸ್ರೇಲಿಗೂ ಹೀಗೇ ಆಗಿತ್ತು. ಈಜಿಪ್ಟ್, ಸಿರಿಯಾ ಸೈನ್ಯ ಗಡಿಗೆ ಬಂದಿರುವುದು ಕಣ್ಣಿಗೆ ಕಾಣುತ್ತಿದ್ದರೂ, ವಾಯುಬಲ ಹೆಚ್ಚುವವರೆಗೆ ಈಜಿಪ್ಟ್ ಯುದ್ಧಕ್ಕೆ ಬರುವುದಿಲ್ಲ ಎಂಬ ಸಿದ್ಧಾಂತಕ್ಕೆ ಅವರ ಸೇನಾ ಗುಪ್ತಚರರು ಅಂಟಿಕೊಂಡಿದ್ದರೆಂದು ಅಲ್ಲಿ ತನಿಖೆ ನಡೆಸಿದ ಅಗ್ರನಾತ್ ಆಯೋಗ ಹೇಳಿತು. ಸುದ್ದಿ ತರುವುದು ಕಷ್ಟ, ನಿಜ. ಅದಕ್ಕಿಂತ ಕಷ್ಟ, ನಮ್ಮ ನಂಬಿಕೆಗೆ ವಿರುದ್ಧವಾಗಿ ಬಂದ ಸುದ್ದಿಗೆ ಕಿವಿ ಕೊಡುವುದು.

ಮುಷರಫ್ ಫೋನ್ ಮಾತನ್ನ ರಾ ಹಿಡೀತಲ್ಲ, ಅದನ್ನ ಬಹಿರಂಗ ಮಾಡಿದ್ದು ಸರಿನಾ?

1999ರ ಮೇ 26 ಮತ್ತು 29ರಂದು ಬೀಜಿಂಗ್‌ನಲ್ಲಿದ್ದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಮುಷರಫ್, ರಾವಲ್ಪಿಂಡಿಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಮೊಹಮ್ಮದ್ ಅಜೀಜ್ ಜೊತೆ ಮಾತಾಡಿದರು. ಕಾರ್ಗಿಲ್‌ನಲ್ಲಿ ಇರುವವರು ಮುಜಾಹಿದೀನ್‌ಗಳು ಎಂಬ ಪಾಕಿಸ್ತಾನದ ವಾದ ಸುಳ್ಳು, ಎಲ್ಲ ಸೇನೆಯ ಹಿಡಿತದಲ್ಲಿದೆ ಎಂಬುದು ಆ ಮಾತಿನಲ್ಲಿ ಸ್ಪಷ್ಟವಾಗಿತ್ತು. ಧ್ವನಿಮುದ್ರಿಕೆ ಮೊದಲು ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಅವರಿಗೆ ತಲುಪಿತು. ಜೂನ್ 11ರಂದು, ಪಾಕಿಸ್ತಾನದ ವಿದೇಶಾಂಗ ಸಚಿವರು ದೆಹಲಿಗೆ ಬರುವ ಹಿಂದಿನ ದಿನ, ಭಾರತ ಅದನ್ನು ಜಗತ್ತಿನ ಮುಂದಿಟ್ಟಿತು.

ರಾಜತಾಂತ್ರಿಕವಾಗಿ ಅದರಿಂದ ದೊಡ್ಡ ಲಾಭವಾಯಿತು. ಆದರೆ ಯಾವ ದಾರಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೇವೆ ಎಂಬುದು ಎದುರಾಳಿಗೆ ತಿಳಿದ ಕ್ಷಣದಿಂದ ಆ ದಾರಿ ಮುಚ್ಚುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಸಂಕೇತ ಭೇದಿಸಿದ್ದನ್ನು ಬ್ರಿಟನ್ 1974ರವರೆಗೂ ಗುಟ್ಟಾಗಿಟ್ಟಿತ್ತು. ಕಾರ್ಗಿಲ್‌ನ ಮಟ್ಟಿಗೆ ಬಹಿರಂಗಪಡಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಯುದ್ಧ ಬೆಳೆಯದಂತೆ ತಡೆಯಲು ಜಗತ್ತಿನ ಒತ್ತಡ ಅಗತ್ಯವಿತ್ತು, ಅದು ಆ ಹೊತ್ತಿನಲ್ಲೇ ಬೇಕಿತ್ತು.

ಮುಂಬೈ ದಾಳಿಗೆ ಮುಂಚೆ ಸುಳಿವು ಸಿಕ್ಕಿದ್ರೂ ಯಾಕೆ ತಡೀಲಿಕ್ಕೆ ಆಗ್ಲಿಲ್ಲ?

ಸಮುದ್ರದ ದಾರಿ, ದೊಡ್ಡ ಹೋಟೆಲುಗಳು ಎಂಬ ಸುಳಿವುಗಳು 2008ರ ನವೆಂಬರ್ 26ಕ್ಕೂ ಮೊದಲೇ ಬಂದಿದ್ದವು. ಇಂಥ ದಿನ, ಇಂಥ ದೋಣಿ ಎಂಬ ವಿವರ ಸಂಬಂಧಪಟ್ಟವರಿಗೆ ಹೊತ್ತಿಗೆ ತಲುಪಲಿಲ್ಲ. ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಠಾಣೆಗೆ, ಇನ್ನೊಂದೆಡೆ ಕರಾವಳಿ ಕಾವಲಿಗೆ ಹೋಗಬೇಕಾದ ಮಾತು ನಡುವೆ ಎಲ್ಲೋ ಮಾಮೂಲಿ ಎಚ್ಚರಿಕೆಯ ಪತ್ರವಾಗಿಬಿಟ್ಟಿತು. ದಿನಕ್ಕೆ ಹತ್ತು ಎಚ್ಚರಿಕೆ ಓದುವ ಅಧಿಕಾರಿಗೆ ಹನ್ನೊಂದನೆಯದು ಬೇರೆಯದಾಗಿ ಕಾಣುವುದಿಲ್ಲ. ಹತ್ತು ಉಗ್ರರು ಕುಬೇರ್ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಬಂದರು, 166 ಜನ ಸತ್ತರು. ಆಮೇಲೆ ಎನ್‌ಐಎ ಹುಟ್ಟಿತು. ಎಲ್ಲ ಸಂಸ್ಥೆಗಳ ಸುದ್ದಿ ಒಂದೆಡೆ ಸೇರುವ ಮಲ್ಟಿ ಏಜೆನ್ಸಿ ಸೆಂಟರ್‌ಗೆ ಬಲ ಬಂತು. ಕರಾವಳಿ ಪೊಲೀಸ್ ಠಾಣೆಗಳು ಹೆಚ್ಚಿದವು. ನಮ್ಮ ಮಂಗಳೂರು, ಮಲ್ಪೆ, ಕಾರವಾರದ ಮೀನುಗಾರರಿಗೆ ಗುರುತಿನ ಚೀಟಿ ಕೇಳುವುದು ಬಿಗಿಯಾದದ್ದೂ ಇದೇ ಕಾರಣಕ್ಕೆ.

## ಕಾನೂನು ಮತ್ತು ಮುಂದಿನ ದಿನಗಳು

ನನ್ನ ಫೋನ್‌ನ ಕದ್ದು ಕೇಳೋಕೆ ಇವರಿಗೆ ಹಕ್ಕಿದೆಯಾ?

ಷರತ್ತಿನ ಮೇಲೆ ಇದೆ. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು: ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಅದು ಎರಡು ತಿಂಗಳು ಊರ್ಜಿತ, ವಿಸ್ತರಿಸಿದರೂ ಆರು ತಿಂಗಳು ಮೀರುವಂತಿಲ್ಲ. ಪ್ರತಿ ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಆದೇಶ ಕೊಡುವವರೂ ಅದನ್ನು ಪರಿಶೀಲಿಸುವವರೂ ಸರ್ಕಾರಿ ಅಧಿಕಾರಿಗಳೇ ಎಂಬುದು ಬದಲಾಗಿಲ್ಲ. ನ್ಯಾಯಾಧೀಶರ ಅನುಮತಿ ಬೇಕಿಲ್ಲ.

ಇದರ ದುರ್ಬಳಕೆಯ ಕತೆ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಫೋನ್ ಕದ್ದಾಲಿಕೆಯ ಆರೋಪದ ಮೇಲೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತಲ್ಲ, ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲೇರಿ ಅವರು ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಅದು.

ಇವರನ್ನ ಪ್ರಶ್ನೆ ಮಾಡೋರು ಯಾರೂ ಇಲ್ವಾ? ಸಂಸತ್ತಿಗಾದ್ರೂ ಲೆಕ್ಕ ಕೊಡ್ತಾರಾ?

ಐಬಿಯಾಗಲಿ ರಾ ಆಗಲಿ ಸಂಸತ್ತು ಮಾಡಿದ ಕಾಯ್ದೆಯಿಂದ ಹುಟ್ಟಿದವಲ್ಲ. ಸರ್ಕಾರದ ಆಡಳಿತಾತ್ಮಕ ಆದೇಶವೇ ಅವುಗಳ ಬುನಾದಿ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಅವುಗಳಿಗೆ ವಿನಾಯಿತಿ ಕೊಟ್ಟಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಮಾತ್ರ ಆ ರಕ್ಷಣೆ ಇಲ್ಲ. ಇವುಗಳ ಕೆಲಸವನ್ನು ನೋಡುವ ಸಂಸದೀಯ ಸಮಿತಿಯೂ ಇಲ್ಲ. ಅಮೆರಿಕದಲ್ಲಿ ಸಿಐಎ ನಡೆಸಿದ ಹತ್ಯಾ ಸಂಚು, ಸ್ವಂತ ಪ್ರಜೆಗಳ ಮೇಲಿನ ಬೇಹು ಎಲ್ಲವನ್ನೂ 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಬಯಲಿಗೆಳೆದ ಮೇಲೆ ಶಾಶ್ವತ ಸಮಿತಿಗಳು ಬಂದವು. ಬ್ರಿಟನ್ 1994ರಲ್ಲಿ ಕಾಯ್ದೆ ಮಾಡಿ ಸಂಸದರ ಸಮಿತಿ ರಚಿಸಿತು. ನಮ್ಮಲ್ಲಿ ಸಂಸದ ಮನೀಶ್ ತಿವಾರಿ 2011ರಲ್ಲಿ ಇಂಥದೊಂದು ಖಾಸಗಿ ಮಸೂದೆ ತಂದರು, ಮುಂದೆ ಹೋಗಲಿಲ್ಲ.

ಗುಟ್ಟು ಸೋರಿಹೋಗುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರತಿಪಕ್ಷದ ನಾಯಕರ ಮೇಲೆ ಕಣ್ಣಿಡಲು ಐಬಿಯನ್ನು ಬಳಸಿಕೊಂಡ ಆರೋಪ ತುರ್ತು ಪರಿಸ್ಥಿತಿಯಿಂದ ಇಂದಿನವರೆಗೆ ಬೇರೆಬೇರೆ ಪಕ್ಷಗಳ ಸರ್ಕಾರದ ಮೇಲೆ ಬಂದಿದೆ. ರಾಜಕೀಯ ಸುದ್ದಿ ತರುವುದಕ್ಕೆ ಕಳಿಸಿದ ಪ್ರತಿ ಅಧಿಕಾರಿಯೂ ಗಡಿಯ ಸುದ್ದಿ ತರಬೇಕಾಗಿದ್ದವನು. ಕಾಯ್ದೆ ಬಂದರೆ ಅಧಿಕಾರಿಗೂ ರಕ್ಷಣೆ. ತಪ್ಪು ಆದೇಶ ಬಂದಾಗ ಆಗುವುದಿಲ್ಲ ಎನ್ನಲು ಅವನ ಕೈಯಲ್ಲಿ ಒಂದು ಪುಟ ಇರುತ್ತದೆ.

ಕೃತಕ ಬುದ್ಧಿಮತ್ತೆ, ಡ್ರೋನ್ ಎಲ್ಲಾ ಬಂದ ಮೇಲೆ ಮನುಷ್ಯ ಗೂಢಚಾರ ಬೇಕಾಗ್ತಾನಾ?

2023ರ ಅಕ್ಟೋಬರ್ 7ರ ಇಸ್ರೇಲನ್ನು ನೋಡಿ. ಗಾಜಾ ಗಡಿಯಲ್ಲಿ ಸಂವೇದಕಗಳಿದ್ದವು, ಕ್ಯಾಮೆರಾಗಳಿದ್ದವು, ದೂರದಿಂದ ಗುಂಡು ಹಾರಿಸುವ ಯಂತ್ರಗಳಿದ್ದವು. ಹಮಾಸ್‌ನ ದಾಳಿ ಯೋಜನೆಯ ದಾಖಲೆ ಒಂದು ವರ್ಷಕ್ಕೂ ಮೊದಲೇ ಅವರ ಕೈಗೆ ಸಿಕ್ಕಿತ್ತು. ಪರದೆಯ ಮುಂದೆ ಕೂತು ಗಡಿ ನೋಡುತ್ತಿದ್ದ ಯುವ ಸೈನಿಕ ಹೆಣ್ಣುಮಕ್ಕಳು ಆಚೆ ನಡೆಯುತ್ತಿದ್ದ ತಾಲೀಮನ್ನು ಗುರುತಿಸಿ ತಿಂಗಳುಗಟ್ಟಲೆ ಮೇಲಿನವರಿಗೆ ಹೇಳುತ್ತಲೇ ಇದ್ದರು. ಹಮಾಸ್‌ಗೆ ಅಷ್ಟು ಶಕ್ತಿಯಿಲ್ಲ ಎಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ಆ ದಿನ ಸುಮಾರು 1,200 ಜನ ಸತ್ತರು, ನಹಲ್ ಓಜ್ ಠಾಣೆಯ ಆ ಹೆಣ್ಣುಮಕ್ಕಳಲ್ಲಿ ಹಲವರೂ ಸೇರಿ.

ಕೋಟಿಗಟ್ಟಲೆ ಸಂದೇಶಗಳಲ್ಲಿ ಅನುಮಾನದ್ದನ್ನು ಸೋಸಿ ಕೊಡಲು ಯಂತ್ರ ಬೇಕೇ ಬೇಕು. ಅದು ಎತ್ತಿಕೊಟ್ಟದ್ದನ್ನು ಓದಿ, ಕಿರಿಯ ಅಧಿಕಾರಿಯೊಬ್ಬಳು ಹೇಳಿದ್ದನ್ನು ಹಿರಿಯನೊಬ್ಬ ಕುಳಿತು ಕೇಳುವ ವ್ಯವಸ್ಥೆಯನ್ನು ಮನುಷ್ಯರೇ ಕಟ್ಟಬೇಕು.

ಇದರ ಬಗ್ಗೆ ನಂಬಬಹುದಾದ ದಾಖಲೆ ಎಲ್ಲಿ ಸಿಗುತ್ತೆ?

ಕಾರ್ಗಿಲ್ ಸಮಿತಿಯ ವರದಿ ಪುಸ್ತಕವಾಗಿ ಬಂದಿದೆ. ಗುಪ್ತಚರಕ್ಕೆ ಸಂಬಂಧಿಸಿದ ಅನೇಕ ಪುಟಗಳನ್ನು ಖಾಲಿ ಬಿಟ್ಟಿದ್ದಾರೆ, ಆದರೂ ಉಳಿದದ್ದು ಓದಲು ಯೋಗ್ಯ. 1962ರ ಸೋಲಿನ ಬಗ್ಗೆ ಸೇನೆ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವಿಚಾರಣಾ ವರದಿಯನ್ನು ಸರ್ಕಾರ ಈವರೆಗೆ ಅಧಿಕೃತವಾಗಿ ಪ್ರಕಟಿಸಿಲ್ಲ. ನೂರ್ ಇನಾಯತ್ ಖಾನ್ ಅವರ ಎಸ್‌ಒಇ ಕಡತ ಲಂಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಯಾರು ಬೇಕಾದರೂ ತೆರೆದು ಓದುವಂತಿದೆ. ನಮ್ಮ 1971ರ ಗೆಲುವಿನ ಗುಪ್ತಚರ ಕಡತಗಳನ್ನೂ ನಮ್ಮ ಇತಿಹಾಸಕಾರರಿಗೆ ಅದೇ ರೀತಿ ತೆರೆದುಕೊಡಬೇಕು. ಅದರಲ್ಲಿ ಪಾಲ್ಗೊಂಡವರಲ್ಲಿ ಬದುಕಿರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.